ಜಲಪಾತದ ಪಾಠಕ್ಕೆ ಬೇಸಿಗೆಯೇ ಸರಿ

ಜಲಪಾತ ನೋಡುವುದಾದರೆ ಮಳೆಗಾಲದಲ್ಲಿ ನೋಡಬೇಕು ಎನ್ನುವುದು ಎಲ್ಲರೂ ಹೇಳುವ ಮಾತು. ಶಾಲಾ ಪ್ರವಾಸಗಳೂ ಸಾಮಾನ್ಯವಾಗಿ ಮಳೆ ಮುಗಿದು ಅಬ್ಬಿಗಳು ತುಂಬಿರುವಾಗಲೇ ಹೊರಡುತ್ತವೆ. ನೋಡಿ ಸಂತೋಷಪಡಲು ಅದೇ ಒಳ್ಳೆಯ ಕಾಲ. ಆದರೆ ವಿಜ್ಞಾನ ಕಲಿಸುವವರು, ಅದರಲ್ಲೂ ನಮ್ಮಂಥ ಪ್ರಶಿಕ್ಷಣಾರ್ಥಿಗಳು, ಒಮ್ಮೆಯಾದರೂ ಬೇಸಿಗೆಯಲ್ಲಿ ಜಲಪಾತದವರೆಗೆ ನಡೆದು ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಭಿಪ್ರಾಯ ನನಗೆ ಪುಸ್ತಕದಿಂದ ಬಂದದ್ದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ ಬಂದದ್ದು. ಆ ತಪ್ಪಿಗೆ ನನಗೆ ಒಳ್ಳೆಯ ಅಂಕವೂ ಸಿಕ್ಕಿತ್ತು. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯುತ್ತಿತ್ತು. 7ನೇ ತರಗತಿಗೆ ನೀರಿನ ಪಾಠ. ಜಲಚಕ್ರದ ಚಾರ್ಟ್ ತೂಗುಹಾಕಿದ್ದೆ. ಆವಿಯಾಗುವುದು, ಮೋಡವಾಗುವುದು, ಮಳೆ, ಹರಿಯುವುದು, ಇಂಗುವುದು ಎಲ್ಲಕ್ಕೂ ಬಾಣದ ಗುರುತು ಹಾಕಿ ವಿವರಿಸಿದೆ. ಸ್ಥಳೀಯ ಉದಾಹರಣೆ ಕೊಡಬೇಕಲ್ಲ, ಬಾಬಾಬುಡನ್‌ಗಿರಿಯ ಮಾಣಿಕ್ಯಧಾರಾ ಜಲಪಾತದ ಹೆಸರು ಹೇಳಿದೆ. ಆಗ ಮೂರನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಅಮ್ಮ ಗಿರಿಯ ಕೆಳಗಿನ ಕಾಫಿ ತೋಟವೊಂದರಲ್ಲಿ ಕೆಲಸ ಮಾಡುವವರು.

"ಮಿಸ್, ಮಳೆ ನಿಂತು ಮೂರು ತಿಂಗಳಾಯ್ತು. ಮಾಣಿಕ್ಯಧಾರದಲ್ಲಿ ಈಗ್ಲೂ ನೀರು ಬೀಳ್ತಿದೆ. ಅದೆಲ್ಲಿಂದ ಬರುತ್ತೆ?"

ನಾನು ತಡಮಾಡದೆ ಉತ್ತರಿಸಿದೆ: "ಗಿರಿಯ ಮೇಲೆ ಗಾಳಿಕೆರೆ ಇದೆಯಲ್ಲ, ಆ ಕೆರೆ ನೀರು ಹರಿದು ಬಂದು ಅಲ್ಲಿ ಬೀಳುತ್ತೆ."

"ಹೌದಾ ಮಿಸ್?" ಎಂದಳು. ಹೌದು ಎಂದೆ. ಕೂತಳು. ನಾನು ಮುಂದಿನ ಅಂಶಕ್ಕೆ ಹೋದೆ.

ಅಂದು ಪಾಠ ನೋಡಲು ಬಂದಿದ್ದ ಮಾರ್ಗದರ್ಶಕರು ಅವಲೋಕನ ಹಾಳೆಯಲ್ಲಿ ಸ್ಥಳೀಯ ಪರಿಸರದೊಂದಿಗೆ ವಿಷಯವನ್ನು ಚೆನ್ನಾಗಿ ಜೋಡಿಸಿದ್ದೇನೆಂದೂ, ಮಕ್ಕಳ ಪ್ರಶ್ನೆಗೆ ಆತ್ಮವಿಶ್ವಾಸದಿಂದ ಉತ್ತರಿಸಿದ್ದೇನೆಂದೂ ಬರೆದರು. ಅವರನ್ನು ನಾನು ದೂರುತ್ತಿಲ್ಲ. ನಮೂನೆಯಲ್ಲಿ ಇರುವ ಕಾಲಂಗಳೇ ಅವು: ಪೀಠಿಕೆ, ಧ್ವನಿ, ಕಪ್ಪುಹಲಗೆಯ ಬಳಕೆ, ಕಲಿಕೋಪಕರಣ, ಪ್ರಶ್ನೆ ಕೇಳುವ ರೀತಿ, ತರಗತಿ ನಿರ್ವಹಣೆ. ಕೊಟ್ಟ ಉತ್ತರ ನಿಜವೇ ಎಂದು ಕೇಳುವ ಕಾಲಂ ಇಲ್ಲ.

ನಿಜ ಹೇಳಬೇಕೆಂದರೆ, ಆ ದಿನದವರೆಗೆ ನಾನು ಗಾಳಿಕೆರೆಯನ್ನು ನೋಡಿಯೇ ಇರಲಿಲ್ಲ. ಮಾಣಿಕ್ಯಧಾರಾಗೆ ಚಿಕ್ಕವಳಿದ್ದಾಗ ಒಮ್ಮೆ ಹೋಗಿದ್ದೆ. ಎರಡೂ ಗಿರಿಯಲ್ಲೇ ಇವೆ, ಕೆರೆಯಲ್ಲಿ ನೀರಿದೆ, ಜಲಪಾತಕ್ಕೆ ನೀರು ಬೇಕು. ಈ ಮೂರನ್ನು ಕೂಡಿಸಿ ಉತ್ತರ ಮಾಡಿದ್ದೆ ಅಷ್ಟೇ. ಹುಡುಗಿಯ "ಹೌದಾ" ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಏಪ್ರಿಲ್‌ನಲ್ಲಿ ಪರೀಕ್ಷೆಗಳು ಮುಗಿದ ಮೇಲೆ ನಾವು ನಾಲ್ವರು ಸಹಪಾಠಿಗಳು ಒಂದು ದಿನ ಗಿರಿಗೆ ಹೊರಟೆವು. ಒಬ್ಬನ ವಿಷಯ ಭೌತಶಾಸ್ತ್ರ, ಒಬ್ಬಳದು ಸಸ್ಯಶಾಸ್ತ್ರ, ಉಳಿದಿಬ್ಬರು ರಸಾಯನಶಾಸ್ತ್ರದವರು. ಪ್ರಯೋಗಾಲಯದಿಂದ ಕೇಳಿ ತಂದ ಒಂದು ಥರ್ಮಾಮೀಟರ್, ಒಂದು ಲೀಟರ್‌ನ ಖಾಲಿ ಬಾಟಲಿ, ಮೊಬೈಲಿನ ಸ್ಟಾಪ್‌ವಾಚ್, ಒಂದು ನೋಟ್‌ಪುಸ್ತಕ. ಇಷ್ಟೇ ನಮ್ಮ ಸಲಕರಣೆ. ಊಟಕ್ಕೆ ಚಿತ್ರಾನ್ನ ಮತ್ತು ಮೊಸರನ್ನ ಕಟ್ಟಿಕೊಂಡಿದ್ದೆವು.

ಚಿಕ್ಕಮಗಳೂರಿನಿಂದ ಬೆಳಗಿನ ಬಸ್ಸು. ಕೈಮರ ದಾಟಿದ ಮೇಲೆ ರಸ್ತೆ ಏರತೊಡಗುತ್ತದೆ. ಆ ವಾರ ಹೂಮಳೆ ಇನ್ನೂ ಬಂದಿರಲಿಲ್ಲ. ಕೆಲವು ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನೀರು ಹಾಯಿಸಿದ ತೋಟದಲ್ಲಿ ಕಾಫಿ ಗಿಡ ಬಿಳಿ ಹೂ ತುಂಬಿ ನಿಂತಿದ್ದರೆ, ಪಕ್ಕದ ತೋಟದಲ್ಲಿ ಮೊಗ್ಗು ಹಾಗೆಯೇ ಕಾದಿತ್ತು. ಅತ್ತಿಗುಂಡಿಗೆ ಮೊದಲು ರಸ್ತೆ ಬದಿಯಲ್ಲಿ ಸಿಗುವ ಹೊನ್ನಮ್ಮನಹಳ್ಳ, ಮಳೆಗಾಲದಲ್ಲಿ ವಾಹನಗಳನ್ನು ನಿಲ್ಲಿಸುವ ಜಲಪಾತ, ಅಂದು ಬಂಡೆಯ ಮೇಲೆ ಒಂದು ತೆಳು ಗೆರೆಯಂತಿತ್ತು. ಒಂದೇ ಬೆಟ್ಟದ ಸಾಲು, ಒಂದೇ ಮಳೆ. ಒಂದು ಕಡೆ ನೀರು ಹೀಗೆ ಇಳಿದಿರುವಾಗ ಇನ್ನೊಂದು ಕಡೆ ಹೇಗೆ ನಿಲ್ಲದೆ ಬೀಳುತ್ತದೆ? ಈ ಪ್ರಶ್ನೆ ಬಸ್ಸಿನ ಕಿಟಕಿಯಲ್ಲೇ ಹುಟ್ಟಿತು. ಮಳೆಗಾಲದಲ್ಲಿ ಬಂದಿದ್ದರೆ ಎರಡೂ ತುಂಬಿ ಸುರಿಯುತ್ತಿರುತ್ತಿದ್ದವು, ಪ್ರಶ್ನೆಯೇ ಏಳುತ್ತಿರಲಿಲ್ಲ.

ಗಿರಿಯಲ್ಲಿ ಇಳಿದು ಮಾಣಿಕ್ಯಧಾರಾದತ್ತ ನಡೆದೆವು. ಜೀಪು ಓಡಾಡುವ ದಾರಿ, ನೆರಳು ಕಡಿಮೆ. ಎಡಬಲಕ್ಕೆ ಒಣಗಿ ಹಳದಿಯಾದ ಹುಲ್ಲು. ಗುಡ್ಡದ ಮಡಿಕೆಗಳಲ್ಲಿ ಮಾತ್ರ ಹಸಿರು ಕಾಡಿನ ತುಣುಕುಗಳು. ಇವೇ ಶೋಲಾ ಕಾಡುಗಳು ಎಂದು ಸಸ್ಯಶಾಸ್ತ್ರದ ಗೆಳತಿ ತೋರಿಸಿದಳು. ಇಳಿಜಾರಿನಲ್ಲಿ ಹುಲ್ಲು, ಕಣಿವೆಯ ಮಡಿಕೆಯಲ್ಲಿ ಕುಳ್ಳ ಮರಗಳ ದಟ್ಟ ಕಾಡು, ಇದು ಪಶ್ಚಿಮ ಘಟ್ಟದ ಎತ್ತರದ ಜಾಗಗಳ ಲಕ್ಷಣ. ಒಂದು ಇಳಿಜಾರು ಬೆಂಕಿಗೆ ಸಿಕ್ಕಿ ಪೂರ್ತಿ ಕಪ್ಪಾಗಿತ್ತು. ಅಲ್ಲಿ ಮಣ್ಣು ಗಟ್ಟಿಯಾಗಿ, ಕಾಲಿಟ್ಟರೆ ಟಕ್ ಎನ್ನುತ್ತಿತ್ತು. ಕಾಡಂಚಿನ ಮಣ್ಣು ಹಾಗಲ್ಲ, ಎಲೆ ಕೊಳೆತು ಮೆತ್ತಗಿತ್ತು. ಒಂದು ಹಿಡಿ ತೆಗೆದು ಹಿಸುಕಿದರೆ ಏಪ್ರಿಲ್‌ನಲ್ಲೂ ಅಂಗೈ ತೇವವಾಗುತ್ತಿತ್ತು.

ಮಾಣಿಕ್ಯಧಾರಾಗೆ ಮೆಟ್ಟಿಲಿಳಿದು ಹೋಗಬೇಕು. ನೀರು ದೊಡ್ಡ ಧಾರೆಯಾಗಿ ಬೀಳುತ್ತಿರಲಿಲ್ಲ. ಹೆಸರಿಗೆ ತಕ್ಕಂತೆ ಮಣಿಗಳ ಹಾಗೆ ಬಿಡಿಬಿಡಿಯಾಗಿ ಸುರಿಯುತ್ತಿತ್ತು. ಆದರೆ ಸುರಿಯುತ್ತಿತ್ತು. ಜನ ಸ್ನಾನ ಮಾಡುತ್ತಿದ್ದರು. ಬದಿಗೆ ಹೋಗಿ, ಒಂದೇ ಎಳೆಯಾಗಿ ಬೀಳುತ್ತಿದ್ದ ಕಡೆ ಬಾಟಲಿ ಹಿಡಿದೆವು. ಐದು ಸಲ ಅಳೆದು ಸರಾಸರಿ ತೆಗೆದಾಗ ಲೀಟರ್ ತುಂಬಲು 8 ಸೆಕೆಂಡು. ಅಂದರೆ ಗಂಟೆಗೆ 450 ಲೀಟರ್, ದಿನಕ್ಕೆ 10,800 ಲೀಟರ್. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಲೆಕ್ಕ ಹಾಕುವ ನೀರು 55 ಲೀಟರ್. ನಾವು ಅಳೆದ ಆ ಒಂದು ಎಳೆಯೇ 196 ಜನರ ಪಾಲು! ಮಳೆ ಇಲ್ಲದ ಏಪ್ರಿಲ್‌ನಲ್ಲಿ, ಪಂಪಿಲ್ಲದೆ, ಕರೆಂಟಿಲ್ಲದೆ. 7ನೇ ತರಗತಿಯ ಮಕ್ಕಳು ಈ ಗುಣಾಕಾರ ಭಾಗಾಕಾರವನ್ನು ಅಲ್ಲೇ ಕೂತು ಮಾಡಬಲ್ಲರು.

ಮೆಟ್ಟಿಲ ಹತ್ತಿರ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ಮಾರುತ್ತಿದ್ದ ಅಮ್ಮನನ್ನು, "ಇದು ಗಾಳಿಕೆರೆ ನೀರಾ?" ಎಂದು ಕೇಳಿದೆ. "ಯಾರಂದ್ರು? ಆ ಕೆರೆ ಯುಗಾದಿ ಹೊತ್ತಿಗೇ ಇಳಿದೋಗ್ತದೆ. ಇದು ನಿಲ್ಲಲ್ಲ," ಎಂದರು. ಯಾರಂದರು ಎಂದು ನಾನು ಹೇಳಲಿಲ್ಲ.

ಅಲ್ಲಿಂದ ಹಿಂದಿರುಗಿ ಗಾಳಿಕೆರೆಗೆ ನಡೆದೆವು. ಏರು, ಇಳಿಜಾರು, ಮತ್ತೆ ಏರು. ಮಧ್ಯಾಹ್ನದ ಬಿಸಿಲು. ನಮ್ಮಲ್ಲಿ ಒಬ್ಬಳಿಗೆ ತಲೆ ಸುತ್ತಿ ಅರ್ಧ ಗಂಟೆ ಮರದ ನೆರಳಲ್ಲಿ ಕೂರಬೇಕಾಯಿತು. ತಲಾ ಒಂದು ಬಾಟಲಿ ನೀರು ಸಾಲದು ಎಂದು ಆಗ ಗೊತ್ತಾಯಿತು. ಕೆರೆ ಚಿಕ್ಕದು, ಸುತ್ತಲೂ ಗುಡ್ಡ, ಗಾಳಿ ಬೀಸುತ್ತಲೇ ಇತ್ತು. ದಡದಿಂದ ನೀರು ಬಹಳ ಕೆಳಗೆ ಸರಿದಿತ್ತು. ನಡುವೆ ಬಿರುಕುಬಿಟ್ಟ ಕೆಸರು, ಅದರಲ್ಲಿ ದನಗಳ ಹೆಜ್ಜೆ. ಕೆರೆ ತುಂಬಿದಾಗ ನೀರು ಹೊರಬೀಳುವ ತಗ್ಗನ್ನು ಹುಡುಕಿಕೊಂಡು ಹೋದೆವು. ಅದು ಪೂರ್ತಿ ಒಣಗಿತ್ತು. ಕಲ್ಲುಗಳ ನಡುವೆ ಹುಲ್ಲೂ ಒಣಗಿತ್ತು. ಅಂದರೆ ಕೆರೆಯಿಂದ ಹೊರಗೆ ಒಂದು ಹನಿಯೂ ಹರಿಯುತ್ತಿಲ್ಲ. ಆದರೂ ಮಾಣಿಕ್ಯಧಾರಾ ಬೀಳುತ್ತಿದೆ. "ಹರಿದು ಬಂದು ಬೀಳುತ್ತೆ" ಎಂದಿದ್ದ ನನ್ನ ಉತ್ತರ ಆ ಒಣ ತಗ್ಗಿನ ಮುಂದೆ ನಿಲ್ಲಲಿಲ್ಲ.

ಭೌತಶಾಸ್ತ್ರದವನು ಅಷ್ಟಕ್ಕೇ ಬಿಡಲಿಲ್ಲ. "ಮೇಲೆ ಹರಿಯದಿದ್ದರೂ ನೆಲದೊಳಗಿಂದ ಹೋಗುತ್ತಿರಬಹುದಲ್ಲ?" ಎಂದ. ಇದು ನ್ಯಾಯವಾದ ಆಕ್ಷೇಪ. ನಮ್ಮ ಹತ್ತಿರ ಥರ್ಮಾಮೀಟರ್ ಇತ್ತು. ಕೆರೆಯ ಅಂಚಿನ ನೀರು 25 ಡಿಗ್ರಿ ಸೆಲ್ಸಿಯಸ್. ಬೆಳಿಗ್ಗೆ ಮಾಣಿಕ್ಯಧಾರಾದ ನೀರು 19 ಡಿಗ್ರಿ ಇತ್ತು. ಗಾಳಿಯಲ್ಲಿ ಬೀಳುವ ಹನಿ ಆವಿಯಾಗುತ್ತ ತಂಪಾಗುತ್ತದೆ ಎಂದು ಅವನೇ ಅಲ್ಲಿ ಎಚ್ಚರಿಸಿದ್ದರಿಂದ, ಬಂಡೆಯ ಬಿರುಕಿನಿಂದ ನೀರು ಜಿನುಗುವ ಕಡೆಯೇ ಥರ್ಮಾಮೀಟರ್ ಇಟ್ಟು ಅಳೆದಿದ್ದೆವು. ಅಲ್ಲೂ 19. ನೆಲದಾಳದಲ್ಲಿ ಬಹುಕಾಲ ಇದ್ದ ನೀರಿನ ಉಷ್ಣತೆ ಆ ಜಾಗದ ವರ್ಷದ ಸರಾಸರಿ ಉಷ್ಣತೆಗೆ ಹತ್ತಿರವಿರುತ್ತದೆ, ದಿನದ ಬಿಸಿಲಿಗೆ ಏರಿಳಿಯುವುದಿಲ್ಲ. ಇಷ್ಟರಿಂದ ಕೆರೆಯ ಪಾಲು ಸೊನ್ನೆ ಎಂದು ಸಾಬೀತಾಗದು. ಆದರೆ ಬೀಳುವ ನೀರು ನೆಲದೊಳಗಿಂದ ನಿಧಾನವಾಗಿ ಬರುತ್ತಿದೆ ಎಂಬುದಕ್ಕೆ ಬಲವಾದ ಸೂಚನೆ ಇದು.

ಹಾಗಾದರೆ ಹುಡುಗಿಯ ಪ್ರಶ್ನೆಗೆ ಉತ್ತರವೇನು? ಜೂನ್‌ನಿಂದ ಸುರಿದ ಮಳೆಯೇ ಆ ನೀರು. ಹುಲ್ಲು ಮತ್ತು ಕಾಡು ಮಳೆಯ ಹೊಡೆತವನ್ನು ತಡೆಯುತ್ತವೆ, ಎಲೆಗೊಬ್ಬರದ ಮಣ್ಣು ನೀರನ್ನು ಒಳಗೆ ಬಿಡುತ್ತದೆ. ಅಲ್ಲಿಂದ ಅದು ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಕಬ್ಬಿಣದ ಅಂಶದ ಪಟ್ಟೆಗಳಿರುವ ಈ ಬೆಟ್ಟದ ಕಲ್ಲು ಧಾರವಾಡ ಶಿಲಾಸಮೂಹಕ್ಕೆ ಸೇರಿದ್ದು, ಬಹಳ ಹಳೆಯದು, ಬಿರುಕುಗಳು ಹೆಚ್ಚು. ಬಿರುಕು ಮುಗಿದು ಗಟ್ಟಿ ಪದರ ಎದುರಾದಲ್ಲಿ ನೀರು ಕೆಳಗಿಳಿಯಲಾಗದೆ ಬದಿಗೆ ಸರಿದು, ಬೆಟ್ಟದ ಪಕ್ಕದಲ್ಲಿ ಹೊರಬರುತ್ತದೆ. ಮಲೆನಾಡಿನವರು ಅದನ್ನೇ ಒರತೆ ಅನ್ನುವುದು, ಜಲ ಅನ್ನುವುದು. ನನ್ನ ಚಾರ್ಟ್‌ನಲ್ಲಿ ಇಂಗುವುದು ಎಂಬ ಬಾಣ ಕೆಳಮುಖವಾಗಿ ಹೋಗಿ ಅಲ್ಲೇ ನಿಂತಿತ್ತು. ಅದು ತಿರುಗಿ ಹೊರಗೆ ಬರುವ ಬಾಣವನ್ನು ನಾನು ಬರೆದೇ ಇರಲಿಲ್ಲ. ಹುಡುಗಿ ಕೇಳಿದ್ದು ಆ ಬಿಟ್ಟುಹೋದ ಬಾಣವನ್ನು.

ಈ ಬಾಣ ಸಣ್ಣ ವಿಷಯವಲ್ಲ. ಈ ಗಿರಿಶ್ರೇಣಿಯ ಪೂರ್ವಕ್ಕೆ ಹುಟ್ಟುವ ವೇದಾ ಮತ್ತು ಆವತಿ ಸೇರಿ ವೇದಾವತಿಯಾಗುತ್ತವೆ. ಅದಕ್ಕೆ ಹಿರಿಯೂರಿನ ಬಳಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡಿತು. 1933ರ ನಂತರ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಬೆಟ್ಟದ ಹುಲ್ಲು ಸುಟ್ಟು ಮಣ್ಣು ಗಟ್ಟಿಯಾದರೆ ಮಳೆನೀರು ಇಂಗದೆ ಒಮ್ಮೆಲೇ ಓಡಿಹೋಗುತ್ತದೆ, ಬೇಸಿಗೆಗೆ ಉಳಿಯುವುದಿಲ್ಲ. ಚಿಕ್ಕಮಗಳೂರಿನ ಗುಡ್ಡಕ್ಕೆ ಬಿದ್ದ ಬೆಂಕಿಗೂ ಬಯಲುಸೀಮೆಯ ಕೊಡಪಾನಕ್ಕೂ ಸಂಬಂಧವಿದೆ. ಜಲಪಾತದ ನೀರು ಕೆರೆಯಿಂದ ಬರುತ್ತದೆ ಎಂದು ನಂಬಿದ ಮಗುವಿಗೆ ಈ ಸಂಬಂಧ ಕಾಣುವುದೇ ಇಲ್ಲ. ಕೆರೆ ಇದ್ದರೆ ಸಾಕು, ಹುಲ್ಲು ಹೇಗಾದರೂ ಇರಲಿ ಎಂದೇ ಅದು ತಿಳಿಯುತ್ತದೆ. ನಾನು ಕಲಿಸಿದ್ದು ಅದನ್ನೇ.

ಈಗ ನನ್ನ ವಾದ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕು ಎಂದಿತು. ನಾವು ಅದನ್ನು ಪ್ರತಿ ಪಾಠ ಯೋಜನೆಯಲ್ಲೂ ಬರೆಯುತ್ತೇವೆ. ಆದರೆ ಹೊರಗಿನ ಬದುಕಿನ ಹೆಸರು ಹೇಳುವುದು ಬೇರೆ, ಅದನ್ನು ನೋಡಿ ಬರುವುದು ಬೇರೆ. ನೋಡದೆ ಕೊಟ್ಟ ಸ್ಥಳೀಯ ಉದಾಹರಣೆ ದೂರದ ಉದಾಹರಣೆಗಿಂತಲೂ ಅಪಾಯಕಾರಿ. ನಯಾಗರ ಜಲಪಾತದ ಬಗ್ಗೆ ನಾನು ತಪ್ಪು ಹೇಳಿದರೆ ಮಕ್ಕಳಿಗೆ ಹೆಚ್ಚು ನಷ್ಟವಿಲ್ಲ. ಅವರದೇ ಬೆಟ್ಟದ ಬಗ್ಗೆ ತಪ್ಪು ಹೇಳಿದರೆ, ತಾವು ಕಣ್ಣಾರೆ ಕಂಡದ್ದಕ್ಕಿಂತ ಮಿಸ್ ಹೇಳಿದ್ದೇ ಸರಿ ಎಂದು ಅವರು ಕಲಿಯುತ್ತಾರೆ. ಆ ಹುಡುಗಿ ಕೂತದ್ದು ಉತ್ತರ ಸಿಕ್ಕಿತೆಂದಲ್ಲ, ನಾನು ಹೌದು ಎಂದೆ ಅಂತ.

ಆದ್ದರಿಂದ ಎರಡು ಸಲಹೆಗಳು. ಒಂದು, ಬೋಧನಾಭ್ಯಾಸದ ಪಾಠಗಳಲ್ಲಿ ಒಂದನ್ನಾದರೂ ಪ್ರಶಿಕ್ಷಣಾರ್ಥಿ ತಾನೇ ಮೊದಲು ನಡೆದು, ಅಳೆದು ಬಂದ ಜಾಗದ ಮೇಲೆ ರೂಪಿಸಲಿ. ಅದು ಬೇಸಿಗೆಯ ನಡಿಗೆಯಾಗಿರಲಿ. ನೀರು ಕಡಿಮೆ ಇದ್ದಾಗಲೇ ಅದು ಎಲ್ಲಿಂದ ಬರುತ್ತದೆ, ಎಲ್ಲಿಂದ ಬರುವುದಿಲ್ಲ ಎಂಬುದು ಕಾಣುತ್ತದೆ. ಎರಡು, ಅವಲೋಕನ ನಮೂನೆಯಲ್ಲಿ ಒಂದು ಕಾಲಂ ಸೇರಲಿ: ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದಾಗ ಪ್ರಶಿಕ್ಷಣಾರ್ಥಿ ಏನು ಮಾಡಿದರು? "ನನಗೆ ಗೊತ್ತಿಲ್ಲ, ಹೇಗೆ ತಿಳಿಯೋಣ ಹೇಳಿ" ಎಂದವರಿಗೆ ಅಲ್ಲಿ ಅಂಕ ಸಿಗಲಿ. ಈಗ ಅದನ್ನು ಹೇಳಲು ನಮಗೆ ಭಯ. ತರಗತಿಯ ಹಿಂದೆ ಕೂತವರು ಪೂರ್ವಸಿದ್ಧತೆ ಸಾಲದು ಎಂದು ಬರೆದಾರು ಎನ್ನುವ ಭಯ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಬೇಸಿಗೆಯಲ್ಲಿ ಶಾಲೆಗೆ ರಜೆ, ಬಿಸಿಲು, ಖರ್ಚು, ಅನುಮತಿ. ಬೆಂಕಿಯ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಕೆಲವು ಚಾರಣದ ದಾರಿಗಳನ್ನು ಮುಚ್ಚುವುದೂ ಉಂಟು, ವಿಚಾರಿಸದೆ ಹೋಗಬಾರದು. ನಾವು ಅಂದು ನಡೆದದ್ದು ಸುಮಾರು 12 ಕಿ.ಮೀ. ದೊಡ್ಡವರಾದ ನಮ್ಮಲ್ಲೇ ಒಬ್ಬಳು ಬಿಸಿಲಿಗೆ ಬಳಲಿದಳು. ಏಪ್ರಿಲ್ ಮಧ್ಯಾಹ್ನದಲ್ಲಿ ನಲವತ್ತು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಿರಿ ಎಂದು ನಾನು ಹೇಳುವುದಿಲ್ಲ. ನಡೆಯಬೇಕಾದವರು ಮೊದಲು ನಾವು. ಮಕ್ಕಳಿಗೆ ಫೆಬ್ರವರಿಯ ಒಂದು ಬೆಳಿಗ್ಗೆ, ಶಾಲೆಯಿಂದ ಒಂದು ಕಿ.ಮೀ. ಒಳಗಿನ ಹಳ್ಳವೋ ತೆರೆದ ಬಾವಿಯೋ ಸಾಕು. ಬಾಟಲಿ, ಗಡಿಯಾರ, ಥರ್ಮಾಮೀಟರ್ ಅಲ್ಲೂ ಅದೇ ಕೆಲಸ ಮಾಡುತ್ತವೆ. ಬಯಲುಸೀಮೆಯ ಶಾಲೆಗೆ ಜಲಪಾತ ಇಲ್ಲದಿದ್ದರೂ ಬತ್ತಿದ ಕೊಳವೆಬಾವಿ ಇದ್ದೇ ಇರುತ್ತದೆ. ಅದರ ಪ್ರಶ್ನೆಯೂ ಇದೇ.

ಕೊನೆಗೆ ಒಂದು ಮಾತು. ಜೂನ್‌ನಲ್ಲಿ ಶಾಲೆ ತೆರೆದ ವಾರ, ತಿದ್ದಿದ ಚಾರ್ಟ್ ಹಿಡಿದು ನಾನು ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ನಕ್ಕು, "ಏಳನೇ ಕ್ಲಾಸಿನವರು ಈಗ ಇಲ್ಲಿಲ್ಲಮ್ಮ, ಹೈಸ್ಕೂಲಿಗೆ ಹೋದರು," ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ಮಕ್ಕಳು ಮೂರು ಪ್ರೌಢಶಾಲೆಗಳಿಗೆ ಹಂಚಿಹೋಗಿದ್ದರು. ಹತ್ತಿರದ ಪ್ರೌಢಶಾಲೆಗೆ ಹೋಗಿ, ಅಲ್ಲಿನ ವಿಜ್ಞಾನ ಶಿಕ್ಷಕರ ಅನುಮತಿ ಪಡೆದು, ಊಟದ ಬಿಡುವಿನಲ್ಲಿ ಹನ್ನೊಂದು ಮಕ್ಕಳನ್ನು ಕೂರಿಸಿಕೊಂಡು ನಾನು ಹೇಳಿದ್ದು ತಪ್ಪು ಎಂದೆ, ಏಕೆ ತಪ್ಪು ಎಂದೂ ಹೇಳಿದೆ. ಒಬ್ಬ ಹುಡುಗ, "ಹಂಗಾದ್ರೆ ಪರೀಕ್ಷೇಲಿ ಏನ್ ಬರೀಬೇಕಿತ್ತು ಮಿಸ್?" ಎಂದು ಕೇಳಿದ. ಪ್ರಶ್ನೆ ಕೇಳಿದ್ದ ಹುಡುಗಿ ಆ ಹನ್ನೊಂದರಲ್ಲಿ ಇರಲಿಲ್ಲ. ದೂರದ ವಸತಿ ಶಾಲೆಗೆ ಸೇರಿದ್ದಾಳೆ, ದಸರಾ ರಜೆಗೆ ಬರುತ್ತಾಳೆ ಎಂದರು. ಅವಳ ಗೆಳತಿಯ ಕೈಯಲ್ಲಿ ಒಂದು ಹಾಳೆ ಕೊಟ್ಟು ಬಂದಿದ್ದೇನೆ. ಅದರಲ್ಲಿ ನಮ್ಮ ಅಳತೆಗಳಿವೆ, ಚಿತ್ರವಿದೆ, ನನ್ನ ಉತ್ತರ ತಪ್ಪಾಗಿತ್ತು ಎಂಬ ಒಂದು ಸಾಲಿದೆ.

ತರಗತಿಯ ಉಳಿದ ಮಕ್ಕಳ ಹತ್ತಿರ ನನ್ನ ತಪ್ಪು ಉತ್ತರ ಹಾಗೆಯೇ ಇದೆ. ಬೋಧನಾಭ್ಯಾಸ ಎಂದರೆ ನಮಗೆ ಅಭ್ಯಾಸ, ಸರಿ. ಆದರೆ ಎದುರಿಗೆ ಕೂತ ಮಗುವಿಗೆ ಅದು ಅಭ್ಯಾಸವಲ್ಲ, ಅದೇ ಪಾಠ. ಅದು ಮತ್ತೆ ಏಳನೇ ತರಗತಿಗೆ ಬಂದು ಕೂರುವುದಿಲ್ಲ. ಈ ವರ್ಷ ಶಾಲೆಗಳಿಗೆ ಹೊರಡುವ ಗೆಳೆಯ ಗೆಳತಿಯರು, ತಾವು ಹೆಸರಿಸಲಿರುವ ಕೆರೆ, ಹಳ್ಳ, ಬೆಟ್ಟಗಳ ಪಟ್ಟಿ ಮಾಡಿಕೊಂಡು, ಅವುಗಳಲ್ಲಿ ಒಂದನ್ನಾದರೂ ಮೊದಲು ನೋಡಿ ಬರಲಿ. ಕುಡಿಯುವ ನೀರು ಮಾತ್ರ ತಲಾ ಎರಡು ಬಾಟಲಿ ಇರಲಿ.